ವಾಟರ್‌ಲೂ ರೋಡ್ ಮೊದಲ ಸೀಸನ್: ಗ್ರ್ಯಾಂಟ್ಲಿ ಮೇಷ್ಟ್ರ ಪರವಾಗಿ ನಾಲ್ಕು ಮಾತು

ಸೀಮೆಸುಣ್ಣ:

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು. ಹೊರಗೆ ಬಿಡದ ಮಳೆ, ಒಳಗೆ ಮೊಮ್ಮಗನ ನಿದ್ದೆ. ಟಿವಿಯ ಸದ್ದು ಏರಿಸುವಂತಿಲ್ಲ. ಹಾಗಾಗಿ ಅಡಿಬರಹ ಓದಿಕೊಂಡೇ ಬಿಬಿಸಿಯ ‘ವಾಟರ್‌ಲೂ ರೋಡ್’ ಮೊದಲ ಸೀಸನ್ನಿನ ಎಂಟೂ ಕಂತುಗಳನ್ನು ನೋಡಿ ಮುಗಿಸಿದೆ. 2006ರ ಮಾರ್ಚ್ 9ರಂದು ಶುರುವಾದ ಧಾರಾವಾಹಿ ಇದು. ಹಳೆಯದಾಯಿತಲ್ಲ ಎನ್ನಬೇಡಿ, ನಾನೂ ಹಳಬನೇ.

ನೋಡದವರಿಗೆ ಕಥೆ ಇಷ್ಟು. ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲ್‌ನಲ್ಲಿ ಒಂದು ಕಾಂಪ್ರಿಹೆನ್ಸಿವ್ ಶಾಲೆ, ಎಂದರೆ ಪ್ರವೇಶ ಪರೀಕ್ಷೆಯಿಲ್ಲದೆ ಸುತ್ತಲಿನ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವ ಸರ್ಕಾರಿ ಹೈಸ್ಕೂಲು. ಫಲಿತಾಂಶ ನೆಲ ಕಚ್ಚಿದೆ, ಶಾಲೆ ಮುಚ್ಚುವ ಮಾತು ಕೇಳಿಬರುತ್ತಿದೆ. ಮೊದಲ ಕಂತಿನಲ್ಲೇ ಹೆಡ್‌ಮಾಸ್ಟರ ಮನಸ್ಸು ಕುಸಿದು ಅವರು ಹೊರಗಾಗುತ್ತಾರೆ. ಎರಡನೆಯವನಾಗಿದ್ದ ಜ್ಯಾಕ್ ರಿಮ್ಮರ್ ಆ ಕುರ್ಚಿಗೆ ಬರುತ್ತಾನೆ. ಒಳ್ಳೆಯ ಹೆಸರಿನ ಶಾಲೆಯೊಂದರಿಂದ ಆ್ಯಂಡ್ರೂ ಟ್ರೆನಮನ್ ಎಂಬ ಶಿಸ್ತಿನ ಮನುಷ್ಯನನ್ನು ತನ್ನ ಕೈಕೆಳಗೆ ಕರೆತರುತ್ತಾನೆ. ಮಕ್ಕಳ ಕಷ್ಟಸುಖ ವಿಚಾರಿಸಲು ಕಿಮ್ ಕ್ಯಾಂಪ್‌ಬೆಲ್ ಬರುತ್ತಾಳೆ. ಇದರ ನಡುವೆ ಇಂಗ್ಲಿಷ್ ಮೇಷ್ಟ್ರು ಟಾಮ್, ಲೋರ್ನಾಳನ್ನು ಮದುವೆಯಾಗಿ ಅವಳ ಆಪ್ತ ಗೆಳತಿ ಇಜ್ಜಿಯನ್ನು ಪ್ರೀತಿಸುತ್ತಾನೆ. ಡಾಂಟೆ ಎಂಬ ಹುಡುಗ ಓಡಿಸುತ್ತಿದ್ದ ಕಾರು ಅಪಘಾತವಾಗಿ ಜೊತೆಯ ಹುಡುಗ ಆ್ಯಡಂ ಸಾಯುತ್ತಾನೆ.

ಎಲ್ಲರೂ ಮಾತಾಡುವುದು ಆ ಮದುವೆ, ಆ ಕಾರಿನ ಬಗ್ಗೆಯೇ. ನನ್ನ ಕಣ್ಣು ಮಾತ್ರ ಗ್ರ್ಯಾಂಟ್ಲಿ ಬಜನ್ ಮೇಲೆಯೇ ಇತ್ತು. ಹೆಸರು ಬಜನ್, ಭಜನೆ ನಿವೃತ್ತಿಯದು. ಇಂಗ್ಲಿಷ್ ಮೇಷ್ಟ್ರು. ತರಗತಿಯಲ್ಲಿ ಪತ್ರಿಕೆ ಓದುತ್ತಾರೆ, ಹೊಸ ಯೋಜನೆ ಏನೇ ಬರಲಿ ಹುಬ್ಬೇರಿಸಿ ಒಂದು ಕಹಿ ಮಾತು ಎಸೆಯುತ್ತಾರೆ. ನೋಡುವವರು ನಗಲೆಂದೇ ಬರೆದ ಪಾತ್ರ. ನನಗೆ ನಗು ಬರಲಿಲ್ಲ.

31 ವರ್ಷ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಅದರಲ್ಲಿ ಕೆಲವು ವರ್ಷ ನಾನೇ ಗ್ರ್ಯಾಂಟ್ಲಿಯಾಗಿದ್ದೆ. 1994ರಲ್ಲಿ ಬರೆದಿಟ್ಟ ನೋಟ್ಸನ್ನು ಹಾಳೆ ಹಳದಿಯಾದ ಮೇಲೂ ಹಾಗೆಯೇ ಬರೆಸುತ್ತಿದ್ದೆ. ಒಂದು ಹಾಳೆಯ ಕೆಳಗೆ ಮಗಳ ನಾಮಕರಣದ ಸಾಮಾನಿನ ಪಟ್ಟಿ ಇತ್ತು. ನಾನು ಹೊರಗೆ ಹೋಗಿ ಬರುವಷ್ಟರಲ್ಲಿ, ಹಾಳೆ ನೋಡಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಹುಡುಗ ‘ಕೊಬ್ಬರಿ 2 ಕೆಜಿ, ವೀಳ್ಯದೆಲೆ 100’ ಎಂದೂ ಬರೆದಿದ್ದ. ನಲವತ್ತು ಮಕ್ಕಳು ಅದನ್ನೂ ನಕಲು ಮಾಡಿಕೊಂಡಿದ್ದರು. ಒಬ್ಬರೂ ನಗಲಿಲ್ಲ, ಏಕೆಂದರೆ ಮೇಲಿನ ಪಾಠವೂ ಅವರಿಗೆ ಅಷ್ಟೇ ಅರ್ಥವಾಗಿತ್ತು. ಮನುಷ್ಯ ಒಂದೇ ದಿನದಲ್ಲಿ ಹಾಗಾಗುವುದಿಲ್ಲ. ಗ್ರ್ಯಾಂಟ್ಲಿ ಹಾಗೇಕಾದರು ಎಂದು ಈ ಎಂಟು ಕಂತುಗಳಲ್ಲಿ ಯಾರೂ ಕೇಳುವುದೇ ಇಲ್ಲ. ಸೀಸನ್ನಿನ ಮೇಲೆ ನನ್ನ ದೂರು ಇದೊಂದೇ.

ಕೊನೆಯ ಬೆಂಚು:

ಮೇಷ್ಟ್ರೇ, ಕೊಬ್ಬರಿ ಪಟ್ಟಿಗೆ ನನ್ನ ನಮಸ್ಕಾರ. ಆದರೆ ಧಾರಾವಾಹಿಯ ವಿಷಯಕ್ಕೆ ಬಂದರೆ, ಇದು ಸಂಜೆ ಏಳರ ನಮ್ಮ ಧಾರಾವಾಹಿಗಳಿಗಿಂತ ಯಾವುದರಲ್ಲಿ ಮೇಲು? ಮದುವೆ ಮಂಟಪದಲ್ಲಿ ಇನ್ನೊಬ್ಬಳ ನೆನಪು, ಕಾರು ಅಪಘಾತ, ಸಾವು, ಕೋರ್ಟು. ಅತ್ತೆಯ ಬದಲು ಹೆಡ್‌ಮಾಸ್ಟರ್, ಅಡುಗೆಮನೆಯ ಬದಲು ಸ್ಟಾಫ್ ರೂಮ್. ಗೋಡೆಗೆ ಸಮವಸ್ತ್ರ ತೊಡಿಸಿದ ಮಾತ್ರಕ್ಕೆ ಶಾಲೆಯ ಕಥೆ ಆಗಿಬಿಡುತ್ತದೆಯೇ?

ಮಳೆಯೂರು:

ಕೊನೆಯ ಬೆಂಚಿನವರು ಹೇಳಿದ್ದರಲ್ಲಿ ಅರ್ಧ ನಿಜ. ಇದನ್ನು ಹುಟ್ಟುಹಾಕಿದ ಆ್ಯನ್ ಮೆಕ್‌ಮ್ಯಾನಸ್ ಮತ್ತು ಮೌರೀನ್ ಚಾಡ್ವಿಕ್ ಅದಕ್ಕೂ ಮೊದಲು ಹೆಂಗಸರ ಜೈಲಿನ ಕಥೆಯಾದ ‘ಬ್ಯಾಡ್ ಗರ್ಲ್ಸ್’ ಮಾಡಿದವರು. ಅದು ಗೊತ್ತಾದ ಮೇಲೆ ನೋಡಿದರೆ ಎಲ್ಲವೂ ಬಿಡಿಸಿಟ್ಟಂತೆ ಕಾಣುತ್ತದೆ. ಗಂಟೆ, ಬಾಗಿಲು, ಕಾರಿಡಾರು, ಕಾಯುವವರು, ತಪ್ಪಿಸಿಕೊಳ್ಳುವವರು. ಹೊಸ ಅಧಿಕಾರಿ ಬಂದ ಕೂಡಲೇ ಒಳಗಿನವರು ಅವನನ್ನು ತೂಗಿ ನೋಡುವುದು. ಜೈಲಿನ ಚೌಕಟ್ಟಿಗೆ ಶಾಲೆಯನ್ನು ಕೂರಿಸಿದ್ದಾರೆ, ಅದು ಸರಿಯಾಗಿ ಕುಳಿತೂ ಇದೆ. ಅದೇ ಬೇಸರದ ಸಂಗತಿ.

ಆದರೆ ಉಳಿದರ್ಧ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಮೈಸೂರಿನಲ್ಲಿ ಒಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಇಂಗ್ಲೆಂಡಿನಲ್ಲಿ ಗಣಿತ, ವಿಜ್ಞಾನ, ಭಾಷೆ ಕಲಿಸುವವರ ಕೊರತೆ ಎಷ್ಟಿದೆ ಎಂದರೆ, 2023ರ ಫೆಬ್ರುವರಿಯಿಂದ ಭಾರತವೂ ಸೇರಿ ಇನ್ನೂ ಕೆಲವು ದೇಶಗಳ ಶಿಕ್ಷಕರು ಇಲ್ಲಿನ ಅರ್ಹತೆಗೆ ನೇರವಾಗಿ ಅರ್ಜಿ ಹಾಕುವ ದಾರಿ ತೆರೆದರು. ಹಾಗೆ ಬಂದವಳು. ಊರಿನ ಹೆಸರು, ಶಾಲೆಯ ಹೆಸರು ಹೇಳುವುದಿಲ್ಲ. ಉತ್ತರ ಇಂಗ್ಲೆಂಡ್, ಮಳೆ ಹೆಚ್ಚು, ಅಷ್ಟು ಸಾಕು.

ಆಫ್‌ಸ್ಟೆಡ್ ಎಂದರೆ ಶಾಲೆಗಳ ತಪಾಸಣೆಯ ಸಂಸ್ಥೆ. 1992ರ ಕಾನೂನಿನಿಂದ ಹುಟ್ಟಿದ್ದು. ಅವರು ಬರುವುದಕ್ಕೆ ಹಿಂದಿನ ದಿನ ಫೋನ್ ಮಾಡುತ್ತಾರೆ. ನಮ್ಮಲ್ಲಿ ಫೋನ್ ಬಂದಾಗ ನಾನು ಒಂಬತ್ತನೆಯ ತರಗತಿಗೆ ಓಮ್ ನಿಯಮ ಹೇಳುತ್ತಿದ್ದೆ. ಕಚೇರಿಯ ಹೆಂಗಸು ಬಾಗಿಲಲ್ಲಿ ನಿಂತು ಒಂದು ಚೀಟಿ ತೋರಿಸಿದಳು, ಅದರಲ್ಲಿ ‘ನಾಳೆ’ ಎಂದಷ್ಟೇ ಇತ್ತು. ಮುಂದಿನ ಬೆಂಚಿನ ಹುಡುಗಿ ನನ್ನ ಮುಖ ನೋಡಿ, “ಮಿಸ್, ಯಾರಾದರೂ ತೀರಿಕೊಂಡರೇ?” ಎಂದು ಕೇಳಿದಳು. ಆ ರಾತ್ರಿ ಒಂಬತ್ತಕ್ಕೆ ನಾನು ಏಣಿ ಹತ್ತಿ ನೋಟಿಸ್ ಬೋರ್ಡಿಗೆ ಪಿನ್ ಹೊಡೆಯುತ್ತಿದ್ದೆ. ಚಿತ್ರಕಲೆಯ ಮೇಷ್ಟ್ರು ಕೆಳಗೆ ಏಣಿ ಹಿಡಿದಿದ್ದರು. ಇಪ್ಪತ್ತಾರು ವರ್ಷ ಸರ್ವಿಸ್ ಆದವರು. “ಇದನ್ನು ಓದಲು ಅವರು ನಿಲ್ಲುವುದಿಲ್ಲ, ನೆಟ್ಟಗಿದೆಯೇ ಎಂದು ಮಾತ್ರ ನೋಡುತ್ತಾರೆ” ಎಂದರು. ಗ್ರ್ಯಾಂಟ್ಲಿ ಹುಬ್ಬೇರಿಸುವುದು ಇಂಥ ಏಣಿಯ ಕೆಳಗೇ ಇರಬೇಕು.

ಸೀಮೆಸುಣ್ಣ:

‘ಯಾರಾದರೂ ತೀರಿಕೊಂಡರೇ’ ಎಂದಳಲ್ಲ, ಅದನ್ನು ಧಾರಾವಾಹಿಯವರು ಕೇಳಿಸಿಕೊಂಡಿದ್ದರೆ ಒಂದು ಕಂತು ಮಾಡುತ್ತಿದ್ದರು. ಚಿತ್ರಕಲೆಯ ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಮ್ಮ.

ಅರ್ಧ ಕಪ್ ಚಹಾ:

ಇಲ್ಲಿ ಎಲ್ಲರೂ ಮೇಷ್ಟ್ರ ಕಡೆಯಿಂದಲೇ ನೋಡುತ್ತಿದ್ದೀರಿ. ನಾನು ಬೆಂಚಿನ ಕಡೆಯವಳು. ಅಪ್ಪನ ಕೆಲಸದ ನಿಮಿತ್ತ ಮ್ಯಾಂಚೆಸ್ಟರ್‌ನಲ್ಲಿ ಬೆಳೆದವಳು, ಇದು ಶುರುವಾದಾಗ ನನಗೆ ಹದಿಮೂರು. ಗುರುವಾರ ರಾತ್ರಿ ನೋಡಿ ಶುಕ್ರವಾರ ಬೆಳಿಗ್ಗೆ ಶಾಲೆಯಲ್ಲಿ ಅದೇ ಮಾತು. ಕ್ಲೋ, ಜನೀಸ್ ಇಬ್ಬರ ಹಾಗೆ ಟೈ ಗಂಟನ್ನು ದಪ್ಪಗೆ ಕಟ್ಟಿ, ಬಾಲವನ್ನು ನಾಲ್ಕು ಬೆರಳಷ್ಟು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ಅಂಗಿಯೊಳಗೆ ತುರುಕುತ್ತಿದ್ದೆವು. ಗೇಟಿನಲ್ಲಿ ಬಿಚ್ಚಿಸುವರು, ಶೌಚಾಲಯದಲ್ಲಿ ಮತ್ತೆ ಕಟ್ಟುವೆವು.

ಜನೀಸ್‌ಳನ್ನು ಮೊದಲ ಸೀಸನ್ನಿನಲ್ಲಿ ದಡ್ಡಿ, ಬಾಯಿಬಡುಕಿ ಎಂದು ತೋರಿಸುತ್ತಾರೆ. ನಮ್ಮ ತರಗತಿಯಲ್ಲಿ ಅಂಥ ಮೂವರಿದ್ದರು, ಮೂವರೂ ಮನೆಯಲ್ಲಿ ತಮ್ಮಂದಿರನ್ನು ಸಾಕುತ್ತಿದ್ದರು. ಬಡವರ ಮಕ್ಕಳ ಶಾಲೆ ಎಂದರೆ ಬೆಂಕಿ, ಚಾಕು, ಬಸಿರು ಎಂದು ದೇಶಕ್ಕೆಲ್ಲ ಅಚ್ಚು ಹಾಕಿಕೊಟ್ಟದ್ದು ಇದೇ ಧಾರಾವಾಹಿ. ಇನ್ನೊಂದು ಊರಿಗೆ ಕ್ರೀಡಾಕೂಟಕ್ಕೆ ಹೋದಾಗ ನಮ್ಮನ್ನು ‘ವಾಟರ್‌ಲೂ ರೋಡ್ ಬಂತು’ ಎಂದೇ ಕರೆದರು. ಆಗ ನಕ್ಕೆವು. ಈಗ ನೆನೆದರೆ ಸಿಟ್ಟು ಬರುತ್ತದೆ.

ಕೊನೆಯ ಬೆಂಚು:

ಬೆಂಕಿ, ಚಾಕು? ಮೊದಲ ಸೀಸನ್ನಿನಲ್ಲಿ ಅವು ಎಲ್ಲಿವೆ?

ಅರ್ಧ ಕಪ್ ಚಹಾ:

ಎರಡನೆಯದರ ಕೊನೆಯಲ್ಲಿ ಇಜ್ಜಿಗೆ ಚಾಕು, ಮೂರನೆಯದರ ಕೊನೆಯಲ್ಲಿ ಶಾಲೆಗೇ ಬೆಂಕಿ. ಕ್ಷಮಿಸಿ, ಬಾಯಿ ಜಾರಿತು.

ನಿರ್ವಾಹಕರು:

ಶೀರ್ಷಿಕೆಯಲ್ಲಿ ‘ಮೊದಲ ಸೀಸನ್’ ಎಂದಿದೆ. ಮುಂದಿನ ಗುಟ್ಟುಗಳನ್ನು ಬಿಡುವವರು ದಯವಿಟ್ಟು ಮೊದಲೇ ಎಚ್ಚರಿಸಿ. ಮೇಷ್ಟ್ರು ಎರಡನೆಯ ಸೀಸನ್ ಇನ್ನೂ ನೋಡಿಲ್ಲ.

ಹತ್ತಿಗಿಡ:

ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ಗದಗಿನವನು, ಇತಿಹಾಸದ ಹುಚ್ಚು. ಶಾಲೆ ಏಕೆ ಬಿದ್ದಿತು ಎಂದು ಎಲ್ಲರೂ ಹೆಡ್‌ಮಾಸ್ಟರನನ್ನು ನೋಡುತ್ತೀರಿ, ಊರನ್ನು ಯಾರೂ ನೋಡುತ್ತಿಲ್ಲ. ರಾಚ್‌ಡೇಲ್ ಹತ್ತಿ ಗಿರಣಿಗಳ ಊರು. 1844ರಲ್ಲಿ ಕೂಲಿಕಾರರೇ ಕೂಡಿ ಅಂಗಡಿ ತೆರೆದದ್ದು ಅಲ್ಲಿ. ಇಂದಿನ ಸಹಕಾರಿ ಸಂಘಗಳು ಆ ಅಂಗಡಿಯನ್ನೇ ತಮ್ಮ ಮೂಲಪುರುಷ ಎನ್ನುತ್ತವೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿ ಬರುವುದು ನಿಂತು ಗಿರಣಿಗಳು ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡ ಗಿರಣಿಯವರಿಂದ ಬೆಟ್ಟದ ಮೇಲೆ ಕಲ್ಲು ಹಾಸಿಸಿದ ರಸ್ತೆ ಅಲ್ಲಿ ಇವತ್ತಿಗೂ ಇದೆ, ‘ಹತ್ತಿ ಬರಗಾಲದ ರಸ್ತೆ’ ಎಂದೇ ಹೆಸರು. ಅದೇ ಹೊತ್ತಿಗೆ ರಾಚ್‌ಡೇಲ್ ಸೇರಿದ್ದ ಲ್ಯಾಂಕಾಷೈರ್ ಸೀಮೆಯ ಗಿರಣಿಯವರ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ನಮ್ಮ ಕಪ್ಪು ನೆಲದಲ್ಲಿ ಒಗ್ಗಿದ ಅಮೆರಿಕದ ತಳಿಗೆ ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ಇತ್ತು. ಅದನ್ನು ಸಾಗಿಸಲು ಕಾರವಾರದ ಬಂದರು ಬೇಕೆಂದು ಅವರು ಹಟ ಹಿಡಿದರು.

ನೂರು ವರ್ಷ ಕಳೆದು ಗಿರಣಿಗಳು ಒಂದೊಂದಾಗಿ ನಿಂತವು. ಉಳಿದದ್ದು ಇಟ್ಟಿಗೆ ಗೋಡೆ ಮತ್ತು ಕೆಲಸವಿಲ್ಲದ ಅಪ್ಪಂದಿರು. ಧಾರಾವಾಹಿಯನ್ನು ಚಿತ್ರಿಸಿದ್ದು ರಾಚ್‌ಡೇಲ್‌ನದೇ ಕರ್ಕ್‌ಹೋಲ್ಟ್ ಬಡಾವಣೆಯಲ್ಲಿ, ಖಾಲಿಬಿದ್ದಿದ್ದ ಹಿಲ್‌ಟಾಪ್ ಎಂಬ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ. ಮುಚ್ಚಬಹುದಾದ ಶಾಲೆಯ ಕಥೆಗೆ ಮುಚ್ಚಿಹೋದ ಶಾಲೆಯೇ ಬಾಡಿಗೆಗೆ ಸಿಕ್ಕಿತು ನೋಡಿ.

ಮಳೆಯೂರು:

ಹತ್ತಿಗಿಡ ಸರ್, ಆ ಕೊನೆಯ ಸಾಲು ನನಗೆ ಹೊಳೆದೇ ಇರಲಿಲ್ಲ. 2023ರಲ್ಲಿ ಮತ್ತೆ ಶುರು ಮಾಡಿದಾಗಲೂ ಹಾಗೆಯೇ ಆಯಿತು. ಈ ಸಲ ಸಾಲ್ಫರ್ಡ್ ಬಳಿಯ ಸ್ವಿಂಟನ್‌ನಲ್ಲಿ ಖಾಲಿಯಾಗಿದ್ದ ಒಂದು ಹಳೆಯ ಹೈಸ್ಕೂಲು.

ಕೊನೆಯ ಬೆಂಚು:

ಸರಿ, ಊರಿಗೆ ಕಾರಣವಿದೆ ಎಂದು ಒಪ್ಪಿದೆ. ಆದರೆ ಜ್ಯಾಕ್ ರಿಮ್ಮರ್ ಒಳ್ಳೆಯ ಹೆಡ್‌ಮಾಸ್ಟರನೇ? ನನಗೆ ಅವನು ನಮ್ಮ ಕಂಪನಿಯ ಮ್ಯಾನೇಜರನ ಹಾಗೆ ಕಂಡ. ಬೆನ್ನು ತಟ್ಟುತ್ತಾನೆ, ಜೋಕು ಹೇಳುತ್ತಾನೆ, ಕಷ್ಟದ ತೀರ್ಮಾನವನ್ನು ನಾಳೆಗೆ ದೂಡುತ್ತಾನೆ. ಆ್ಯಂಡ್ರೂ ಸಿಡುಕನಾದರೂ ಮಕ್ಕಳಿಂದ ಏನನ್ನೋ ನಿರೀಕ್ಷಿಸುತ್ತಾನೆ. ಎಸ್ಸೆಸ್ಸೆಲ್ಸಿಗೆ ನಮ್ಮ ಮೇಲೆ ಆಸೆ ಇಟ್ಟುಕೊಂಡಿದ್ದವರು ಒಬ್ಬ ಸಿಡುಕು ಮೇಷ್ಟ್ರು ಮಾತ್ರ...

ಸೀಮೆಸುಣ್ಣ:

ಎಸ್ಸೆಸ್ಸೆಲ್ಸಿಯನ್ನು ಇಲ್ಲಿಗೆ ಎಳೆದರೆ ಈ ಚರ್ಚೆ ಬೆಳಗಾದರೂ ಮುಗಿಯುವುದಿಲ್ಲ, ಬಿಡಪ್ಪ. ರಾಚ್‌ಡೇಲ್‌ನಲ್ಲಿಯೇ ಇರೋಣ.

ಜ್ಯಾಕ್‌ನ ವಿಷಯದಲ್ಲಿ ನಾನು ನಿನಗೆ ಎದುರು. ಆ್ಯಂಡ್ರೂ ಹೇಳುವುದೆಲ್ಲ ಸರಿ, ಆದರೆ ಅವನು ಸಂಜೆ ಎಲ್ಲಿಗೆ ಹೋಗುತ್ತಾನೆ ಎಂಬುದು ಮಕ್ಕಳಿಗೆ ಗೊತ್ತು. ಬೇಕಾದರೆ ನಾಳೆಯೇ ಒಳ್ಳೆಯ ಶಾಲೆಗೆ ಹಿಂದಿರುಗಬಲ್ಲ. ಜ್ಯಾಕ್‌ಗೆ ಇದು ಬಿಟ್ಟರೆ ಬೇರೆ ಇಲ್ಲ. ಹೊರಟುಹೋಗಬಲ್ಲವನ ಶಿಸ್ತಿಗೂ ಉಳಿಯಲೇಬೇಕಾದವನ ಸಡಿಲಕ್ಕೂ ವ್ಯತ್ಯಾಸವಿದೆ. ಮಕ್ಕಳು ಅದನ್ನು ಮೂಗಿನಲ್ಲೇ ಹಿಡಿಯುತ್ತಾರೆ.

ಮಳೆಯೂರು:

ಮೇಷ್ಟ್ರೇ, ಮಾತು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ಜ್ಯಾಕ್‌ನ ಸಡಿಲಕ್ಕೆ ಬೆಲೆ ತೆರುವವರು ಯಾರು ಎಂದು ಲೆಕ್ಕ ಹಾಕಿ. ಆಗ ಶಾಲೆಯ ಮಾನ ಅಳೆಯುತ್ತಿದ್ದುದು ಮುಖ್ಯವಾಗಿ ಒಂದು ಅಳತೆಗೋಲಿನಿಂದ: ಹದಿನಾರರ ಮಕ್ಕಳಲ್ಲಿ ಎಷ್ಟು ಮಂದಿ ಜಿಸಿಎಸ್‌ಇ ಪರೀಕ್ಷೆಯ ಐದು ವಿಷಯಗಳಲ್ಲಿ ‘ಸಿ’ ಅಥವಾ ಮೇಲಿನ ಶ್ರೇಣಿ ಪಡೆದರು ಎಂಬುದು. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ‘ಡಿ’ಯಿಂದ ‘ಸಿ’ಗೆ ತಳ್ಳಬಹುದಾದ ಮಕ್ಕಳನ್ನು ಹೆಕ್ಕಿ ಅವರಿಗೆ ವಿಶೇಷ ಪಾಠ ಮಾಡುತ್ತಿದ್ದರು. ‘ಎಫ್’ನವನನ್ನು ‘ಇ’ಗೆ ಏರಿಸಿದರೆ ಪಟ್ಟಿಯಲ್ಲಿ ಒಂದು ಕೂದಲೂ ಅಲುಗುತ್ತಿರಲಿಲ್ಲ. 2016ರಲ್ಲಿ ‘ಪ್ರೋಗ್ರೆಸ್ 8’ ಎಂಬ ಅಳತೆ ಬಂದ ಮೇಲೆ ಪ್ರತಿ ಮಗು ಎಲ್ಲಿಂದ ಎಲ್ಲಿಗೆ ಬಂದಿತು ಎಂಬುದೇ ಮುಖ್ಯ ಲೆಕ್ಕವಾಯಿತು. ಆದರೆ ಜನೀಸ್ ಕುಳಿತಿದ್ದದ್ದು 2006ರಲ್ಲಿ. ಅವಳು ಬಾಯಿಬಡುಕಿಯಾಗದೆ ಇನ್ನೇನಾಗಬೇಕಿತ್ತು? ಚಹಾ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಇನ್ನು ತಪಾಸಣೆ. ‘ಅತ್ಯುತ್ತಮ’, ‘ಉತ್ತಮ’, ‘ಸುಧಾರಣೆ ಬೇಕು’, ‘ಸಾಲದು’ ಎಂಬ ನಾಲ್ಕರಲ್ಲಿ ಒಂದು ಮಾತನ್ನು ಇಡೀ ಶಾಲೆಯ ಹಣೆಗೆ ಅಂಟಿಸುತ್ತಿದ್ದರು. 2023ರ ಜನವರಿಯಲ್ಲಿ ರೆಡಿಂಗ್‌ನ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ, ತಮ್ಮ ಶಾಲೆಗೆ ಕೊನೆಯ ದರ್ಜೆ ಬೀಳುತ್ತದೆ ಎಂದು ತಿಳಿದ ಮೇಲೆ ಜೀವ ಕಳೆದುಕೊಂಡರು. ಆ ತಪಾಸಣೆಯೂ ಸಾವಿಗೆ ಒಂದು ಕಾರಣ ಎಂದು ಸಾವಿನ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರ್ ವರ್ಷದ ಕೊನೆಗೆ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಆ ಒಂದು ಮಾತಿನ ದರ್ಜೆಯನ್ನು ಕೈಬಿಟ್ಟರು. ಧಾರಾವಾಹಿಯ ಮೊದಲ ಕಂತಿನಲ್ಲಿ ಕುಸಿಯುವ ಹೆಡ್‌ಮಾಸ್ಟರನನ್ನು ಜ್ಯಾಕ್ ಬರಲು ಬಾಗಿಲು ತೆರೆಯುವವನಂತೆ ಬಳಸಿಕೊಂಡು ಬಿಟ್ಟುಬಿಟ್ಟಿದ್ದಾರೆ. ಮತ್ತೆ ನೋಡುವಾಗ ನನಗೆ ಅಲ್ಲಿಂದ ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಗ್ರ್ಯಾಂಟ್ಲಿಯನ್ನು ಯಾರೂ ವಿಚಾರಿಸಲಿಲ್ಲ ಎಂದಿರಿ. ಆ ಹೆಡ್‌ಮಾಸ್ಟರನನ್ನಾದರೂ ಯಾರು ವಿಚಾರಿಸಿದರು?

ಸೀಮೆಸುಣ್ಣ:

ನಿಜ. ಅವರ ಹೆಸರು ಕೂಡ ನನಗೆ ನೆನಪಿಲ್ಲ. ಎಂಟು ಕಂತು ಗಮನವಿಟ್ಟು ನೋಡಿದವನು ನಾನು.

ಅರ್ಧ ಕಪ್ ಚಹಾ:

(ಮುಂದಿನ ಗುಟ್ಟು ಇದೆ. ನಿರ್ವಾಹಕರೇ, ಈ ಸಲ ಎಚ್ಚರಿಸಿದ್ದೇನೆ.)

ಮೇಷ್ಟ್ರೇ, ನಿಮ್ಮ ದೂರಿಗೆ ಉತ್ತರ ಇದೆ, ಆದರೆ ತಡವಾಗಿ. ಹಲವು ಸೀಸನ್ ದಾಟಿದ ಮೇಲೆ ಗ್ರ್ಯಾಂಟ್ಲಿಯ ಹೆಂಡತಿ ಫ್ಲೂರ್ ಬರುತ್ತಾರೆ. ಮರೆವಿನ ಕಾಯಿಲೆ. ಈ ಮನುಷ್ಯ ಮನೆಯಲ್ಲಿ ಅವರನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ ಎಂದು ಆಗ ತಿಳಿಯುತ್ತದೆ. ನಾನು ಅಷ್ಟು ವರ್ಷ ಅವರನ್ನು ನೋಡಿ ನಕ್ಕಿದ್ದೆ. ಅಮ್ಮ ಪಕ್ಕದಲ್ಲಿ ಕುಳಿತು ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಿದಳು. ಧಾರಾವಾಹಿಯ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಆ ಕಾರಣಕ್ಕೆ ಪೂರ್ತಿ ಬೈಯಲಾಗುವುದಿಲ್ಲ.

ಕೊನೆಯ ಬೆಂಚು:

ಅದು ಮೊದಲಿನಿಂದಲೇ ಯೋಚಿಸಿದ್ದಲ್ಲ, ಆಮೇಲೆ ಸೇರಿಸಿದ್ದು. ಧಾರಾವಾಹಿ ಎಳೆಯಬೇಕಾದಾಗ ಎಲ್ಲರಿಗೂ ಒಂದೊಂದು ದುಃಖ ಹಂಚುತ್ತಾರೆ.

ಅರ್ಧ ಕಪ್ ಚಹಾ:

ಇರಬಹುದು. ನಮಗೂ ಸಹೋದ್ಯೋಗಿಗಳ ಮನೆಯ ಸಂಗತಿ ಮೊದಲ ದಿನವೇ ತಿಳಿಯುತ್ತದೆಯೇ?

ಹತ್ತಿಗಿಡ:

ಎಳೆದದ್ದಂತೂ ಹೌದು. ಲೆಕ್ಕ ಹಾಕಿದೆ: ಮೊದಲ ಹತ್ತು ಸೀಸನ್ನುಗಳಲ್ಲಿ ಸರಿಯಾಗಿ 200 ಕಂತುಗಳು. 2012ರಲ್ಲಿ ಶಾಲೆಯನ್ನೇ ರಾಚ್‌ಡೇಲ್‌ನಿಂದ ಕಿತ್ತು ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ನೆಟ್ಟರು. 2015ರ ಮಾರ್ಚ್ 9ರಂದು ಮುಗಿಸಿದರು, ಶುರುವಾದ ತಾರೀಖಿನಂದೇ. ಊರು ಬಿಟ್ಟ ಮೇಲೆ ನನಗೆ ರುಚಿಸಲಿಲ್ಲ. ಬೇರು ಕಿತ್ತ ಬೆಳೆ.

ಮಳೆಯೂರು:

2023ರಲ್ಲಿ ಕಿಮ್ ಕ್ಯಾಂಪ್‌ಬೆಲ್ ಹೆಡ್‌ಮಿಸ್ ಆಗಿ ಹಿಂದಿರುಗಿದ್ದು ನನಗೆ ಇಷ್ಟವಾಯಿತು. ನಟಿ ಅದೇ ಆ್ಯಂಜೆಲಾ ಗ್ರಿಫಿನ್. ಮೊದಲ ಸೀಸನ್ನಿನಲ್ಲಿ ಎಲ್ಲದಕ್ಕೂ ಮಕ್ಕಳ ಪರ ನಿಂತು ಜ್ಯಾಕ್‌ನ ತಲೆ ತಿನ್ನುತ್ತಿದ್ದವಳು. ಆ ಸಲ ಕುರ್ಚಿಯ ಈಚೆ ಕುಳಿತು ಅದೇ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಯಿತು. ಡಾಂಟೆಯೂ ಬಂದ, ಈ ಸಲ ಅಪ್ಪನಾಗಿ. ಮಗಳ ಹೆಸರು ಇಜ್ಜಿ. ಆ ಹುಡುಗಿ ನಿಜ ಜೀವನದಲ್ಲಿ ಡಾಂಟೆ ಪಾತ್ರದ ಆ್ಯಡಂ ಥಾಮಸ್ ಅವರ ಅಣ್ಣನ ಮಗಳು. ಮುಖದ ಹೋಲಿಕೆ ಎಲ್ಲಿಂದ ಬಂತು ಎಂದು ಹುಡುಕಿದ ಮೇಲೆ ತಿಳಿಯಿತು.

ಹೊಸದರಲ್ಲಿ ಕ್ಯಾಂಟೀನಿನ ಹೆಂಗಸು ನಿಕಿಗೂ ಒಂದು ಕಥೆ ಕೊಟ್ಟಿದ್ದಾರೆ. ಅದು ಸರಿಯಾಗಿದೆ. ನಮ್ಮಲ್ಲಿ ಯಾವ ಮಗು ಬೆಳಿಗ್ಗೆ ತಿಂದು ಬಂದಿಲ್ಲ ಎಂಬುದು ಮೊದಲು ತಿಳಿಯುವುದು ಕ್ಯಾಂಟೀನಿಗೆ. ಮಕ್ಕಳು ಯಂತ್ರಕ್ಕೆ ಬೆರಳು ಒತ್ತಿ ಊಟ ತೆಗೆದುಕೊಳ್ಳುತ್ತಾರೆ. ಲೆಕ್ಕದಲ್ಲಿ ಹಣವಿಲ್ಲದಿದ್ದರೆ ಯಂತ್ರ ಒಂದು ಸದ್ದು ಮಾಡುತ್ತದೆ, ಹಿಂದೆ ನಿಂತವರಿಗೆಲ್ಲ ಕೇಳುವಷ್ಟು. ಸಾಲಿನಲ್ಲಿ ಕೆಲವರು ಬಂದಾಗ ನಮ್ಮ ಕ್ಯಾಂಟೀನಿನವಳು ಟ್ರೇಗಳನ್ನು ದಡಬಡ ಎಂದು ಎತ್ತಿಹಾಕುತ್ತಾಳೆ. ಏಕೆ ಅಷ್ಟು ಗದ್ದಲ ಮಾಡುತ್ತಾಳೆ ಎಂದು ಮೊದಲ ಆರು ತಿಂಗಳು ನನಗೆ ಸಿಡಿಮಿಡಿ ಇತ್ತು.

ಕೊನೆಯ ಬೆಂಚು:

ಆಯಿತು, ಸೋತೆ. ಮೊದಲ ಸೀಸನ್ ಮತ್ತೊಮ್ಮೆ ನೋಡುತ್ತೇನೆ, ಮದುವೆಯ ಭಾಗ ಓಡಿಸಿಕೊಂಡು. ಒಂದೇ ತೊಂದರೆ, ಅವರ ಇಂಗ್ಲಿಷ್ ನನ್ನ ಕಿವಿಗೆ ಹತ್ತುವುದಿಲ್ಲ. ಡಾಂಟೆ ಮಾತಾಡಿದರೆ ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡ ಹಾಗಿರುತ್ತದೆ.

ಸೀಮೆಸುಣ್ಣ:

ಅಡಿಬರಹ ಹಾಕಿಕೋ. ಹಾಕಿಕೊಂಡರೂ ಎಲ್ಲ ತಿಳಿಯುತ್ತದೆಂದು ಭಾವಿಸಬೇಡ. ಎರಡನೆಯ ಕಂತಿಗೆ ಬರುವಷ್ಟರಲ್ಲಿ ‘ನೌಟ್’ ಎಂಬ ಪದ ನಾಲ್ಕು ಸಲ ಬಂದಿತ್ತು. 31 ವರ್ಷ ಇಂಗ್ಲಿಷ್ ಕಲಿಸಿದವನು ಕನ್ನಡಕ ಹಾಕಿಕೊಂಡು ನಿಘಂಟು ತೆಗೆದೆ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಪರದೆ ನೋಡಿ, “ಏನೂ ಇಲ್ಲ ಅನ್ನುತ್ತಿದ್ದಾನೆ ಆ ಹುಡುಗ, ಅವನ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ” ಎಂದು ಹೇಳಿ ಹಾಲು ಕಾಯಿಸಲು ಹೋದಳು. ನಿಘಂಟಿನಲ್ಲಿಯೂ ಅದೇ ಇತ್ತು.